ಬೀರು ಒರೆಸುವ ಅಧ್ಯಾಯ

ಜೂನ್ 3, ಮಂಗಳವಾರ

ಹೊಸ ಪುಸ್ತಕ ಶುರುವಾಯಿತು. ಇನ್ನೂರ ಹದಿನಾಲ್ಕು ಪುಟ, ಇಪ್ಪತ್ತೆರಡು ಅಧ್ಯಾಯ. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಈ ಕೇಂದ್ರಕ್ಕೆ ನಾನು ಬರಲು ಶುರುಮಾಡಿ ಮೂರು ವರ್ಷವಾಯಿತು. ಇದು ಹತ್ತೊಂಬತ್ತನೆಯ ಪುಸ್ತಕ. ಹಿಂದಿನದು ಕೊಲೆಯ ಕಥೆ, ಅದಕ್ಕೂ ಹಿಂದಿನದು ಜೇನು ಸಾಕಣೆ. ಇದು ಕಾದಂಬರಿ ಎಂದು ಮುಖಪುಟದಲ್ಲಿ ಬರೆದಿದ್ದಾರೆ. ಬರೆಯದಿದ್ದರೆ ಗೊತ್ತಾಗುತ್ತಿರಲಿಲ್ಲ.

ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಹೆಂಗಸೊಬ್ಬಳು ಎರಡನೆಯ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ. ಹೆಸರಿಲ್ಲ. ಭಾನುವಾರ ಅವಳ ಅಣ್ಣ ಬರುತ್ತಾನೆ, ಕುರ್ಚಿಯಲ್ಲಿ ಕೂರುತ್ತಾನೆ, ಎದ್ದು ಹೋಗುತ್ತಾನೆ. ಇವತ್ತು ಎರಡು ಅಧ್ಯಾಯ ಓದಿದೆ. ಮೊದಲನೆಯದರಲ್ಲಿ ಅವಳು ಕಿಟಕಿ ತೆಗೆದಳು. ಎರಡನೆಯದರಲ್ಲಿ ಮುಚ್ಚಿದಳು.

ಗಾಜಿನ ಆಚೆ ಕೂತು ಮುದ್ರಿಸಿಕೊಳ್ಳುವ ಹುಡುಗಿಗೆ ನಾವು ಓದುವವರೆಲ್ಲ ಕಿವಿಯಮ್ಮ ಎಂದು ಹೆಸರಿಟ್ಟಿದ್ದೇವೆ. ನಾನು ಉಗುಳು ನುಂಗಿದರೂ ಅವಳಿಗೆ ಕೇಳುತ್ತದೆ. ಇವತ್ತೂ ಅದೇ ದೂರು.

"ಸರ್, ವಾಕ್ಯದ ಕೊನೆ ಹಾಗೆ ಇಳಿಸ್ಬೇಡಿ. ಗಾಡಿ ಬಂದು ನಿಂತ ಹಾಗಿರುತ್ತೆ."

ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಘೋಷಕನಾಗಿದ್ದವನು ಬೇರೆ ಹೇಗೆ ಇಳಿಸಬೇಕು? ಈಗ ಅಲ್ಲಿ ಒಂದು ಯಂತ್ರ ಹೆಣ್ಣಿನ ದನಿಯಲ್ಲಿ ಮಾತಾಡುತ್ತದೆ. ಅದು ಒಮ್ಮೆಯೂ ಕೆಮ್ಮಿದ್ದನ್ನು ನಾನು ಕೇಳಿಲ್ಲ. ಪಾಳಿ ಮುಗಿದ ಮೇಲೆ ನಾಲ್ಕು ಸಾಲು ವರದಿ ಬರೆಯುವ ಅಭ್ಯಾಸವೊಂದೇ ನಿಲ್ದಾಣದಿಂದ ನನ್ನ ಜೊತೆ ಬಂದದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕ ಮುಗಿದಾಗ ಓದಿದವರು ಒಂದು ಚೀಟಿಯಲ್ಲಿ ಅಭಿಪ್ರಾಯ ಬರೆದುಕೊಡಬೇಕು. ಕೇಳುಗರಿಗೆ ಆರಿಸಿಕೊಳ್ಳಲು ಸುಲಭ. ನನ್ನ ಚೀಟಿ ಈಗಲೇ ಸಿದ್ಧವಾಗಿದೆ: ಸಾಧಾರಣ. ನಿಧಾನ. ತಾಳ್ಮೆ ಇರುವವರಿಗೆ.

ನಾಳೆ ಓದುವ ಪುಟಗಳನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಹಾಗೆ ಮಾಡಿದರೆ ಗಾಜಿನ ಮುಂದೆ ತಡವರಿಸುವುದಿಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಹೆಂಡತಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ಯಂತ್ರ ನಿಂತು ನಿಂತು ಓಡುತ್ತಿತ್ತು. ಬೆಲ್ಟು ಸಡಿಲವಾಗಿರಬೇಕು, ನೋಡಿಸಬೇಕು.

ಜೂನ್ 5, ಗುರುವಾರ

ಎರಡು ತಿಂಗಳಿಂದ ಕಟ್ಟಿಕೊಂಡಿದ್ದ ಗಂಟಲಿನ ಪರೀಕ್ಷೆಯ ಫಲಿತಾಂಶ ಬಂತು. ಎಡ ಧ್ವನಿತಂತುವಿನ ಮೇಲಿರುವುದು ಕೆಟ್ಟ ಗಂಟು, ಆದರೆ ಬೇಗ ಸಿಕ್ಕಿದೆಯಂತೆ. ಜುಲೈ ಎರಡಕ್ಕೆ ಶಸ್ತ್ರಚಿಕಿತ್ಸೆ. ವೈದ್ಯರು ಪರದೆಯ ಮೇಲೆ ಚಿತ್ರ ತೋರಿಸಿದರು. ನನ್ನ ದನಿ ಹುಟ್ಟುವ ಜಾಗವನ್ನು ಮೊದಲ ಸಲ ನೋಡಿದೆ. ನೋಡಲು ಚೆನ್ನಾಗಿಲ್ಲ.

"ಜೀವಕ್ಕೇನೂ ಭಯ ಇಲ್ಲ," ಎಂದರು.

"ಮಾತು?"

"ಮಾತಾಡ್ತೀರಿ. ಆದ್ರೆ ಈ ದನಿ ಇರಲ್ಲ."

"ಮತ್ತೆ ಯಾವ ದನಿ ಇರುತ್ತೆ?"

"ಅದು ಆಮೇಲೇ ಗೊತ್ತಾಗೋದು. ಪಿಸುಮಾತಿನ ಹಾಗಿರಬಹುದು, ಒಡಕಲಾಗಿರಬಹುದು. ಅಲ್ಲೀವರೆಗೆ ದಿನಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ದನಿ ಬಳಸ್ಬೇಡಿ."

ಹೆಂಡತಿ ವೈದ್ಯರಿಗೆ ಊಟದ ಬಗ್ಗೆ, ಮಾತ್ರೆಯ ಬಗ್ಗೆ, ಹಾಸಿಗೆಯ ಬಗ್ಗೆ ಕೇಳಿದಳು. ದನಿಯ ಬಗ್ಗೆ ಏನೂ ಕೇಳಲಿಲ್ಲ. ಬರುವಾಗ ದಾರಿಯಲ್ಲಿ ನಿಂತು ನೀಲಿ ದಾರದ ಉಂಡೆ ಕೊಂಡಳು.

ಜೂನ್ 6, ಶುಕ್ರವಾರ

ಲೆಕ್ಕ ಹಾಕಿದೆ. ಒಂದು ಅಧ್ಯಾಯಕ್ಕೆ ಹೆಚ್ಚುಕಡಿಮೆ ಅರ್ಧ ಗಂಟೆ. ದಿನಕ್ಕೊಂದು ಓದಿದರೆ, ಶನಿವಾರ ಭಾನುವಾರ ಕೇಂದ್ರಕ್ಕೆ ರಜೆ ಇರುವುದರಿಂದ, ಇಪ್ಪತ್ತೆರಡನೆಯ ಅಧ್ಯಾಯ ಸರಿಯಾಗಿ ಜುಲೈ ಒಂದಕ್ಕೆ ಬರುತ್ತದೆ. ಒಂದು ದಿನವೂ ಹೆಚ್ಚಿಲ್ಲ, ಒಂದು ದಿನವೂ ಕಮ್ಮಿಯಿಲ್ಲ. ನಿಲ್ದಾಣದ ಮೂವತ್ತೊಂದು ವರ್ಷದಲ್ಲಿ ಇಷ್ಟು ಕರಾರುವಾಕ್ಕಾದ ವೇಳಾಪಟ್ಟಿಯನ್ನು ನಾನು ನೋಡಿರಲಿಲ್ಲ.

ನನ್ನ ದನಿ ಕೊನೆಯದಾಗಿ ಓದುವ ಪುಸ್ತಕ ಇದು ಎಂದಾಯಿತು. ಕೊಲೆಯ ಕಥೆಯಾಗಿದ್ದರೂ ಆಗುತ್ತಿತ್ತು. ಬೇರೆ ಪುಸ್ತಕ ಕೊಡಬಹುದೇ ಎಂದು ಕಿವಿಯಮ್ಮನನ್ನು ಕೇಳಿದೆ.

"ಇದನ್ನ ಒಬ್ರು ಕೇಳಿ ಹಾಕ್ಸಿರೋದು ಸರ್. ಗಣಿತದ ಮೇಡಂ. ಕಣ್ಣು ಹೋಗಿ ನಾಲ್ಕು ವರ್ಷ ಆಯ್ತು. ಶನಿವಾರ ಶನಿವಾರ ಆ ವಾರದ ಅಧ್ಯಾಯ ಕಳಿಸ್ತಿದ್ದೀನಿ."

ಐದನೆಯ ಅಧ್ಯಾಯದಲ್ಲಿ ನಲ್ಲಿ ರಿಪೇರಿಯಾಯಿತು. ಇದುವರೆಗಿನ ದೊಡ್ಡ ಘಟನೆ ಅದೇ.

ಜೂನ್ 9, ಸೋಮವಾರ

ಮನೆಯಲ್ಲಿ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದ್ದೇನೆ. ಅರ್ಧ ಗಂಟೆಯನ್ನು ಪೂರಾ ಕೇಂದ್ರಕ್ಕೇ ಇಟ್ಟುಕೊಳ್ಳಬೇಕು. ಮನೆಯಲ್ಲಿ ಕಣ್ಣಲ್ಲೇ ಓದಿಕೊಳ್ಳುತ್ತೇನೆ.

ಹೊಲಿಗೆಯ ಯಂತ್ರ ತಾನಾಗಿಯೇ ಸರಿಯಾಗಿದೆ. ಸಂಜೆಯೆಲ್ಲ ಒಂದೇ ಸಮನೆ ಓಡಿತು. ಬೆಲ್ಟು ನೋಡುವವನನ್ನು ಕರೆಸುವ ಖರ್ಚು ಉಳಿಯಿತು.

ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯನ್ನೇ ನೋಡುತ್ತಾ ಕೇಳಿದಳು. "ಅವಳ ಅಣ್ಣ ಆಮೇಲೆ ಬಂದ್ನಾ?"

ಯಾರ ಅಣ್ಣ ಎಂದು ನನಗೆ ತಕ್ಷಣ ಹೊಳೆಯಲಿಲ್ಲ.

"ಬಂದ," ಎಂದೆ.

"ಏನಂದ?"

"ಏನೂ ಅನ್ನಲಿಲ್ಲ."

"ನಿಮ್ಮ ಥರಾನೇ," ಎಂದು ಎದ್ದು ಹೋದಳು.

ಜೂನ್ 10, ಮಂಗಳವಾರ

ಬೇರೆ ಊರಿನಿಂದ ಮಗಳ ಫೋನು. ಅವಳ ಮಗುವಿಗೆ ಈಗ ಏಳು ತಿಂಗಳು. ನನ್ನ ದನಿಯ ವಿಷಯ ಅವಳು ಚೆನ್ನಾಗಿ ಯೋಚಿಸಿದ್ದಾಳೆ. ಮಗುವಿನ ಮೊದಲ ಹುಟ್ಟುಹಬ್ಬದಿಂದ ಹದಿನೆಂಟನೆಯದರವರೆಗೆ ಒಂದೊಂದಕ್ಕೂ ಒಂದೊಂದು ಶುಭಾಶಯವನ್ನು ನಾನು ಮುದ್ರಿಸಿಡಬೇಕಂತೆ.

"ಅಷ್ಟು ವರ್ಷ ನಾನೇ ಇರ್ತೀನಲ್ಲ, ಆಗಲೇ ಹೇಳ್ತೀನಿ ಬಿಡು," ಎಂದೆ.

"ಆ ದನಿಯಲ್ಲಿ ಹೇಳೋದು ಬೇರೆ, ಈ ದನಿಯಲ್ಲಿ ಹೇಳೋದು ಬೇರೆ ಅಪ್ಪ. ಮಗುಗೆ ತಾತನ ದನಿ ಗೊತ್ತಿರಬೇಡ್ವಾ?"

ಮೂರಕ್ಕೆ, ಏಳಕ್ಕೆ, ಹದಿನಾರಕ್ಕೆ ಏನು ಹೇಳಬೇಕೆಂದು ಪಟ್ಟಿ ಕಳಿಸಿದ್ದಾಳೆ. ಹದಿನಾರಕ್ಕೆ ಬುದ್ಧಿಮಾತು ಇರಬೇಕಂತೆ. ಕಿವಿಯಮ್ಮನಿಗೂ ಫೋನು ಮಾಡಿ ಒಪ್ಪಿಸಿಬಿಟ್ಟಿದ್ದಾಳೆ. ಒಂದೇ ತೊಡಕು. ಅದಕ್ಕೆ ಒಂದು ಪೂರ್ತಿ ದಿನದ ಅರ್ಧ ಗಂಟೆ ಬೇಕು, ನನ್ನ ಹತ್ತಿರ ಹೆಚ್ಚಿನ ದಿನವಿಲ್ಲ.

ಜೂನ್ 12, ಗುರುವಾರ

ದಿನ ಸಿಕ್ಕಿತು.

ಇವತ್ತು ಒಂಬತ್ತನೆಯ ಅಧ್ಯಾಯ ಓದಬೇಕಿತ್ತು. ನಿನ್ನೆ ಸಂಜೆ ಮೊದಲ ಎರಡು ಪುಟ ನೋಡಿದ್ದೆ. ಅವಳು ಬೀರು ತೆಗೆದು ಒಳಗಿನ ಸಾಮಾನು ಹೊರಗಿಡುತ್ತಾಳೆ. ಕೊನೆಯ ಪುಟ ತಿರುವಿದರೆ ಎಲ್ಲ ವಾಪಸ್ಸು ಬೀರಿನೊಳಗೇ ಇದೆ. ಒಟ್ಟು ಹತ್ತು ಪುಟ. ನಾಲ್ಕು ನಿಮಿಷದ ಕೆಲಸಕ್ಕೆ ಹತ್ತು ಪುಟ ಬರೆದವರ ಮೇಲೆ ನನಗೆ ಸಿಟ್ಟು ಬಂತು.

ಕಿವಿಯಮ್ಮ ರಜೆಯಲ್ಲಿದ್ದಳು. ಅವಳ ಜಾಗದಲ್ಲಿ ಕಚೇರಿಯ ಗುಮಾಸ್ತರು ಗುಂಡಿ ಒತ್ತಿ ಪತ್ರಿಕೆ ಓದುತ್ತಾ ಕೂತರು. ನಾನು ಪುಟ ತಿರುವಿ "ಅಧ್ಯಾಯ ಒಂಬತ್ತು" ಎಂದು ಹೇಳಿ ಹತ್ತನೆಯದನ್ನು ಓದಿದೆ. ಇನ್ನು ಮುಂದೆಲ್ಲ ಒಂದು ಸಂಖ್ಯೆ ಹಿಂದೆ. ಪುಸ್ತಕ ಇಪ್ಪತ್ತೊಂದಕ್ಕೆ ಮುಗಿಯುತ್ತದೆ, ಜೂನ್ ಮೂವತ್ತಕ್ಕೆ. ಜುಲೈ ಒಂದು ಮೊಮ್ಮಗುವಿಗೆ.

ತಪ್ಪೆನಿಸಲಿಲ್ಲ. ಎರಡು ಗಂಟೆ ತಡವಾದ ಗಾಡಿಯನ್ನು "ಇನ್ನು ಕೆಲವೇ ನಿಮಿಷಗಳಲ್ಲಿ" ಎಂದು ಹೇಳಿದವನು ನಾನು. ಹಾಗೆ ಹೇಳಬೇಕೆಂದು ಮೇಲಿನಿಂದ ಅಪ್ಪಣೆ ಇರುತ್ತಿತ್ತು. ಇದಕ್ಕೆ ಅಪ್ಪಣೆ ಕೊಟ್ಟವನು ನಾನೇ, ಅಷ್ಟೇ ವ್ಯತ್ಯಾಸ.

"ಇವತ್ತೇನು ಮಾಡಿದ್ಳು?" ಎಂದಳು ಹೆಂಡತಿ.

"ಬೀರು ಒರೆಸಿದಳು."

"ಬೀರಿನಲ್ಲಿ ಏನೇನಿತ್ತು?"

"ನೋಡಲಿಲ್ಲ," ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ ಹೊಲಿಗೆಗೆ ಹೋದಳು.

ಜೂನ್ 17, ಮಂಗಳವಾರ

ವಿಚಿತ್ರ ಏರ್ಪಾಡೊಂದು ಶುರುವಾಗಿದೆ. ಕಣ್ಣಲ್ಲೇ ಓದಿಕೊಂಡು ಹೋದರೆ ಗಾಜಿನ ಮುಂದೆ ತಡವರಿಸುತ್ತೇನೆ. ನಿನ್ನೆ ಏಳು ಸಲ ತಪ್ಪಿದೆ. ಹೆಂಡತಿಗೆ ಅದನ್ನು ಹೇಳಿದ್ದೇ ತಪ್ಪಾಯಿತು. ಕೈಯಲ್ಲಿದ್ದ ಅಂಗಿ ಇಟ್ಟು, ಕನ್ನಡಕ ಏರಿಸಿ, "ಕೊಡಿ ಇಲ್ಲಿ" ಎಂದು ಪುಸ್ತಕ ಕಿತ್ತುಕೊಂಡಳು. ಈಗ ಅವಳು ಗಟ್ಟಿಯಾಗಿ ಓದುತ್ತಾಳೆ, ನಾನು ಕೇಳಿಸಿಕೊಂಡು ಎಲ್ಲಿ ನಿಲ್ಲಬೇಕೆಂದು ಇನ್ನೊಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ.

ಅವಳ ಓದು ಕೆಟ್ಟದಾಗಿದೆ. ಅಲ್ಪವಿರಾಮವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನಡುನಡುವೆ ತನ್ನ ಮಾತೂ ಸೇರಿಸುತ್ತಾಳೆ. ಅಂಚೆ ಕಚೇರಿಯ ಮೇಲಧಿಕಾರಿ ಬಂದ ಕಡೆ "ಇವನ ಮುಖಕ್ಕಿಷ್ಟು" ಎಂದು ಓದಿದಳು. ಅದು ಪುಸ್ತಕದಲ್ಲಿಲ್ಲ.

"ನಿನಗೆ ಹಿಡಿಸಿತಾ ಈ ಪುಸ್ತಕ?" ಎಂದೆ.

"ಅಂಥಾದ್ದೇನಿಲ್ಲ. ಆದ್ರೆ ಅವಳು ಪಾಪ ಒಬ್ಳೇ ಇದ್ದಾಳಲ್ಲ, ಬಿಟ್ಟು ಬರೋಕಾಗಲ್ಲ."

ನನ್ನ ಚೀಟಿಯ ಮಾತು ಬದಲಾಗಿಲ್ಲ. ಸಾಧಾರಣ. ಪೂರ್ತಿ ಒಂದು ಪುಟವನ್ನು ಮೆಟ್ಟಿಲು ಹತ್ತಲು ಖರ್ಚು ಮಾಡಿದ್ದಾರೆ. ಇವತ್ತು ಕೇಂದ್ರದ ಮೆಟ್ಟಿಲು ಹತ್ತುವಾಗ ಎಣಿಸಿದೆ. ಹದಿನೇಳಿವೆ. ಆರನೆಯದು ಸವೆದಿದೆ. ಮೂರು ವರ್ಷದಿಂದ ಹತ್ತುತ್ತಿದ್ದೇನೆ.

ಜೂನ್ 20, ಶುಕ್ರವಾರ

ಗಂಟಲು ನೋವು. ಹದಿನಾರು ಮುಗಿಯಿತು. ಹೇಳಿದ್ದು ಹದಿನೈದು.

ಜೂನ್ 26, ಗುರುವಾರ

ಓದಿ ಹೊರಗೆ ಬರುವಷ್ಟರಲ್ಲಿ ಕಿವಿಯಮ್ಮ ಫೋನು ಹಿಡಿದು ನಿಂತಿದ್ದಳು. ಗಣಿತದ ಮೇಡಂ. ಓದುವವರ ಹತ್ತಿರವೇ ಮಾತಾಡಬೇಕೆಂದು ಹಟ ಹಿಡಿದಿದ್ದರಂತೆ. ಅವರದು ಪಾಠ ಹೇಳಿ ಹೇಳಿ ಗಟ್ಟಿಯಾದ ದನಿ.

"ನಿಮ್ಮ ಹದಿಮೂರನೇ ಅಧ್ಯಾಯದಲ್ಲಿ ಅವಳಿಗೆ ಜ್ವರ ಬರುತ್ತೆ. ಆ ದಿನ ಬೀರಿನ ಮೇಲಿನ ಅರೆಯಲ್ಲಿ ವಾಪಸ್ ಇಟ್ಟಿದ್ದ ಹಳದಿ ಕಂಬಳಿ ತೆಗೆದು ಹೊದ್ದಳು ಅಂತ ಓದಿದ್ದೀರಿ. ಯಾವ ದಿನ?"

ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ.

"ಶುರುವಿಂದ ಮೂರು ಸಲ ಕೇಳಿದೆ. ಯಾವ ದಿನವೂ ಅವಳು ಬೀರು ತೆಗೆದಿಲ್ಲ. ಒಂದು ಹೆಜ್ಜೆ ಬಿಟ್ಟುಹೋಗಿದೆ. ಮಕ್ಕಳು ಲೆಕ್ಕದಲ್ಲಿ ಹಾರಿಸ್ತಾರಲ್ಲ, ಹಾಗೆ. ಎಷ್ಟು ಹಾರಿಸಿದ್ದೀರಿ?"

ಸುಳ್ಳು ಹೇಳಲು ಒಂದು ಕ್ಷಣವಿತ್ತು. "ಹತ್ತು ಪುಟ," ಎಂದೆ. "ಏನೂ ಆಗಲ್ಲ ಮೇಡಂ ಅದ್ರಲ್ಲಿ. ಬೀರು ಒರೆಸ್ತಾಳೆ ಅಷ್ಟೇ. ನಿಮಗೇ ಬೇಜಾರಾಗುತ್ತೆ."

"ಬೇಜಾರಾಗ್ತಾನೇ ಇದೆ," ಎಂದರು. "ನನಗೇನೂ ಈ ಪುಸ್ತಕ ಅಷ್ಟು ಹಿಡಿಸಿಲ್ಲ. ನನ್ನ ಗೆಳತಿ ಕೊಟ್ಟಿದ್ದು. ಕಣ್ಣಿದ್ದಾಗ ಓದಲಿಲ್ಲ. ಓದಿದ್ಯಾ ಅಂತ ಅವಳು ಕೇಳಿದಾಗಲೆಲ್ಲ ಓದಿದೆ, ಚೆನ್ನಾಗಿದೆ ಅಂತಿದ್ದೆ. ಅವಳು ಹೋಗಿ ಒಂದು ವರ್ಷ ಆಯ್ತು. ಈಗಲಾದ್ರೂ ಓದಿದ್ದೀನಿ ಅಂತ ಆಗಬೇಕಲ್ಲ. ಬೇಜಾರಾದ್ರೂ ಪೂರ್ತಿ ಬೇಜಾರಾಗ್ಬೇಕು ನನಗೆ. ಹತ್ತು ಪುಟ ಕಮ್ಮಿ ಬೇಜಾರಾದ್ರೆ ಅದು ಓದಿದ ಹಾಗಲ್ಲ."

ಕಿವಿಯಮ್ಮ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿತ್ತು. ಬೈಯಲಿಲ್ಲ. "ಜುಲೈ ಒಂದು ಬಿಟ್ರೆ ದಿನ ಇಲ್ಲ ಸರ್," ಎಂದಳು. "ಒಂಬತ್ತು ಓದಬೇಕು, ಅಲ್ಲಿಂದ ಮುಂದೆ ಅಧ್ಯಾಯದ ಸಂಖ್ಯೆಗಳನ್ನೂ ತಿರುಗಿ ಹೇಳ್ಬೇಕು. ಬೇರೆಯವರ ಹತ್ರ ಓದಿಸ್ಲಾ? ನಡುವೆ ಒಂದು ಅಧ್ಯಾಯಕ್ಕೆ ದನಿ ಬದಲಾದ್ರೆ ಪರವಾಗಿಲ್ಲ ಅಂತೀರಾ?"

ಯೋಚಿಸಿ ಹೇಳುತ್ತೇನೆಂದು ಬಂದೆ. ಮೆಟ್ಟಿಲು ಇಳಿಯುವಾಗ ನನಗೆ ನಾಚಿಕೆಯಾಯಿತು. ಸಿಕ್ಕಿಬಿದ್ದದ್ದಕ್ಕಲ್ಲ. ನಿಲ್ದಾಣದಲ್ಲಿ ನನ್ನ ಮಾತು ನಂಬಿ ಬೆಂಚಿನ ಮೇಲೆ ಕಾದು ಕೂತವರ ಮುಖ ನನಗೆ ಕಾಣುತ್ತಿರಲಿಲ್ಲ. ಇವತ್ತು ಒಬ್ಬರ ದನಿ ಕೇಳಿತು.

ಜೂನ್ 29, ಭಾನುವಾರ

ಇವತ್ತು ಉದ್ದಕ್ಕೆ ಬರೆಯುತ್ತೇನೆ. ಕೈಗೆ ದಿನಕ್ಕೆ ಅರ್ಧ ಗಂಟೆಯ ಮಿತಿಯಿಲ್ಲ.

ಬೆಳಗ್ಗೆ ಹೆಂಡತಿಗೆ ಎಲ್ಲ ಹೇಳಿದೆ. ಪುಟ ಹಾರಿಸಿದ್ದು, ಸಂಖ್ಯೆ ತಿದ್ದಿದ್ದು, ಜುಲೈ ಒಂದರ ತೊಡಕು. ಅವಳು ಪುಸ್ತಕ ತಗೊಂಡು ಕೂತಳು. "ಮೊದ್ಲು ಅದ್ರಲ್ಲಿ ಏನಿದೆ ನೋಡೋಣ," ಎಂದಳು.

ಏನೂ ಇಲ್ಲ. ಬೀರಿನಿಂದ ಅವಳು ಒಂದೊಂದಾಗಿ ತೆಗೆಯುತ್ತಾಳೆ. ಹಳದಿ ಕಂಬಳಿ. ಅಪ್ಪನ ಕನ್ನಡಕ, ಒಂದು ಗಾಜು ಸೀಳಿದೆ. ಅಣ್ಣನ ಆರನೆಯ ತರಗತಿಯ ಅಂಕಪಟ್ಟಿ. ಬೀಗ ಕಳೆದುಹೋದ ನಾಲ್ಕು ಬೀಗದ ಕೈ. ಪ್ರತಿಯೊಂದನ್ನೂ ಒರೆಸುತ್ತಾಳೆ. ಯಾವುದನ್ನೂ ಎಸೆಯುವುದಿಲ್ಲ, ಯಾವುದನ್ನು ನೋಡಿಯೂ ಅಳುವುದಿಲ್ಲ. ಆಮೇಲೆ ಎಲ್ಲವನ್ನೂ ವಾಪಸ್ಸು ಇಡುತ್ತಾಳೆ.

ಹೆಂಡತಿ ಇಂದು ತನ್ನ ಮಾತು ಸೇರಿಸದೆ ಓದಿದಳು. ಬೀಗದ ಕೈಗಳ ಹತ್ತಿರ ನಿಂತಳು. ನಾನು ಅಲ್ಲಿ ಗುರುತು ಹಾಕಿಕೊಂಡೆ. ಅವಳು ಮುಂದುವರಿಸಲಿಲ್ಲ.

"ಮದುವೆ ಆದ ಹೊಸದ್ರಲ್ಲಿ ನಿಲ್ದಾಣಕ್ಕೆ ಊಟದ ಡಬ್ಬಿ ತರ್ತಿದ್ನಲ್ಲ," ಎಂದಳು. "ಕಿಟಕಿಯಲ್ಲಿ ಕೊಟ್ಟು ಮನೆಗೆ ಹೋಗ್ತಿದ್ದೆ ಅಂತ ತಾನೇ ನೀವು ಅಂದ್ಕೊಂಡಿದ್ದು?"

"ಹೂಂ."

"ಹೋಗ್ತಿರ್ಲಿಲ್ಲ. ಬೆಂಚಿನ ಮೇಲೆ ಕೂತು ಮೂರು ನಾಲ್ಕು ಗಾಡಿ ಕೇಳಿ ಹೋಗ್ತಿದ್ದೆ."

"ಯಾಕೆ?"

"ಮನೇಲಿ ನೀವು ಮಾತಾಡ್ತಿರ್ಲಿಲ್ಲವಲ್ಲ."

ಅಷ್ಟು ಹೇಳಿ ಪುಟ ಹುಡುಕಿಕೊಂಡು ಮುಂದಕ್ಕೆ ಓದಿದಳು. ದುಃಖವಾಯಿತು. ಮೂವತ್ತು ವರ್ಷ ಗುರುತಿಲ್ಲದ ಸಾವಿರಾರು ಜನರಿಗೆ ದಯವಿಟ್ಟು ಗಮನಿಸಿ ಎಂದು ಹೇಳಿ, ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹೆದರಿಕೆಯೂ ಆಯಿತು. ಐದನೆಯ ತಾರೀಖು ವೈದ್ಯರ ಮುಂದೆ ಆಗದ ಹೆದರಿಕೆ ಅದು.

ಮಧ್ಯಾಹ್ನ ಮಗಳಿಗೆ ಫೋನು ಮಾಡಿ ಜುಲೈ ಒಂದಕ್ಕೆ ಆಗುವುದಿಲ್ಲ ಎಂದೆ.

"ಯಾರೋ ಗುರುತಿಲ್ದೋರಿಗೆ ಬೀರು ಒರೆಸೋದನ್ನ ಓದ್ತೀರಾ, ಸ್ವಂತ ಮೊಮ್ಮಗುಗೆ ಎರಡು ಮಾತು ಹೇಳಕ್ಕಾಗಲ್ವಾ?"

"ಅವರು ಕಾಯ್ತಾ ಇದ್ದಾರೆ."

"ನಾವು?"

ಉತ್ತರ ಕೊಡುವ ಮೊದಲೇ ಇಟ್ಟುಬಿಟ್ಟಳು. ಅವಳ ಸಿಟ್ಟು ನ್ಯಾಯವಾದದ್ದೇ. ಪಟ್ಟಿಯನ್ನು ಮಡಿಸಿ ಈ ದಿನಚರಿಯಲ್ಲಿ ಇಟ್ಟಿದ್ದೇನೆ. ಹದಿನಾರಕ್ಕೆ ಹೇಳಬೇಕಾದ ಬುದ್ಧಿಮಾತು ಯಾವುದೆಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಜೂನ್ 30, ಸೋಮವಾರ

ಕೊನೆಯ ಅಧ್ಯಾಯ ಆಯಿತು. ಒಂದು ಭಾನುವಾರ ಅಣ್ಣ ಬರಲಿಲ್ಲ. ಅವಳು ಕಾದಳು. ಮುಂದಿನ ಭಾನುವಾರ ಬಂದ. ಇಡೀ ಪುಸ್ತಕದಲ್ಲಿ ನಡೆಯುವುದು ಇದೊಂದೇ. ಆದರೂ ಅವನು ಬಾಗಿಲು ತಟ್ಟಿದಾಗ ನಾನು ಸ್ವಲ್ಪ ಬೇಗ ಓದಿದೆನಂತೆ. ಕಿವಿಯಮ್ಮ ಆ ಸಾಲನ್ನು ತಿರುಗಿ ಓದಿಸಿದಳು.

ಜುಲೈ 1, ಮಂಗಳವಾರ

ಇಲ್ಲಿಂದ ನೇರ ಆಸ್ಪತ್ರೆಗೆ ಹೋಗಬೇಕಾದ್ದರಿಂದ ಹೆಂಡತಿಯೂ ಕೇಂದ್ರಕ್ಕೆ ಬಂದಳು. ತೊಡೆಯ ಮೇಲೆ ಚೀಲವಿಟ್ಟುಕೊಂಡು ಗಾಜಿನ ಆಚೆ ಕೂತಳು. ಕಿವಿಯಮ್ಮ ತನ್ನ ಹೆಡ್‌ಫೋನು ತೆಗೆದು ಅವಳಿಗೆ ಹಾಕಿದಳು. ಮೂರು ವರ್ಷದಲ್ಲಿ ಅದು ಆ ತಲೆಯಿಂದ ಇಳಿದದ್ದನ್ನು ನಾನು ನೋಡಿರಲಿಲ್ಲ.

ಒಂಬತ್ತನೆಯ ಅಧ್ಯಾಯವನ್ನು ಒಂದೇ ಸಲಕ್ಕೆ ಓದಿದೆ. ತಡವರಿಸಲಿಲ್ಲ. ಬೀಗದ ಕೈಗಳ ಹತ್ತಿರ, ಹಾಳೆಯಲ್ಲಿ ಗುರುತು ಹಾಕಿದ್ದ ಕಡೆ, ನಿಂತೆ. ಸ್ವಲ್ಪ ಹೆಚ್ಚೇ ನಿಂತೆ. ಕಿವಿಯಮ್ಮ ಕೈ ಎತ್ತಿ ನಿಲ್ಲಿಸಲಿಲ್ಲ.

ಆಮೇಲೆ ಸಂಖ್ಯೆಗಳು. ಅಧ್ಯಾಯ ಹತ್ತು. ಅಧ್ಯಾಯ ಹನ್ನೊಂದು. ಅಧ್ಯಾಯ ಹನ್ನೆರಡು. ಸಂಖ್ಯೆ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಅದನ್ನು ಬಡಾಯಿಯೆಂದೇ ಬರೆಯುತ್ತೇನೆ. ಇಪ್ಪತ್ತೆರಡಕ್ಕೆ ಅರ್ಧ ಗಂಟೆ ಮೀರಿ ಏಳು ನಿಮಿಷವಾಗಿತ್ತು.

"ಕೊನೆಗೆ ಇಳಿಸಿದ್ದೀರಿ ಸರ್," ಎಂದಳು ಕಿವಿಯಮ್ಮ. "ಇರಲಿ ಬಿಡಿ."

ಹೆಂಡತಿ ಹೆಡ್‌ಫೋನನ್ನು ಕಿವಿಯಿಂದ ತೆಗೆಯಲು ಸ್ವಲ್ಪ ಹೊತ್ತು ತಗೊಂಡಳು. ಅದರ ಪಟ್ಟಿ ಅವಳ ಕೂದಲಿಗೆ ಸಿಕ್ಕಿಕೊಂಡಿತ್ತು.

ಜುಲೈ 6, ಭಾನುವಾರ

ಶಸ್ತ್ರಚಿಕಿತ್ಸೆ ಆಯಿತು. ಗಂಟು ಪೂರ್ತಿ ಬಂದಿದೆಯಂತೆ. ಮೂರು ವಾರ ತುಟಿ ಪಿಟಕ್ಕೆನ್ನುವಂತಿಲ್ಲ. ಪಿಸುಗುಟ್ಟುವಂತೆಯೂ ಇಲ್ಲ. ಹೆಂಡತಿ ಒಂದು ಸ್ಲೇಟು ತಂದುಕೊಟ್ಟಿದ್ದಾಳೆ. ಮೊದಲ ದಿನ ನೀರು, ದಿಂಬು ಎಂದು ಬರೆದೆ. ಇವತ್ತು ಸ್ಲೇಟಿನಲ್ಲಿ ಜಾಗ ಸಾಲದೆ ಎರಡು ಸಲ ಒರೆಸಿದೆ. ಒಂದನೆಯ ಮಹಡಿಯ ಬಾಡಿಗೆಯವರ ನಾಯಿಯ ಬಗ್ಗೆ ಏನೋ ಬರೆದಿದ್ದೆ. ಅವಳು ನಕ್ಕಳು.

"ಮೂವತ್ತು ವರ್ಷದಲ್ಲಿ ಆಡದ ಮಾತೆಲ್ಲ ಈಗ ಹೊರಗೆ ಬರ್ತಿದೆ, ಬಳಪ ಸಾಕಾಗಲ್ಲ," ಎಂದಳು.

ಜುಲೈ 14, ಸೋಮವಾರ

ಮಗಳು ಎರಡು ವಾರ ಮುಖ ಊದಿಸಿಕೊಂಡಿದ್ದಳು. ದಿನಾ ಅಮ್ಮನ ಹತ್ತಿರ ನನ್ನ ಬಗ್ಗೆ ಕೇಳುತ್ತಿದ್ದಳಂತೆ, ಅದು ಬೇರೆ. ಕಿವಿಯಮ್ಮ ಯಾರ ಅಪ್ಪಣೆಯೂ ಇಲ್ಲದೆ ಒಂಬತ್ತನೆಯ ಅಧ್ಯಾಯವನ್ನು ಅವಳಿಗೆ ಕಳಿಸಿಬಿಟ್ಟಿದ್ದಾಳೆ. ಇವತ್ತು ಮಗಳ ಫೋನು. ಹೆಂಡತಿ ಗಟ್ಟಿಯಾಗಿ ಕೇಳುವಂತೆ ಇಟ್ಟಳು.

"ಅಪ್ಪ, ಮಗು ಹಟ ಮಾಡಿದಾಗ ಅದನ್ನೇ ಹಾಕ್ತೀನಿ. ಎರಡನೇ ಪುಟಕ್ಕೆ ನಿದ್ದೆ ಹೋಗಿರುತ್ತೆ. ಆಮೇಲೆ ನಾನು ಕೂತು ಪೂರ್ತಿ ಕೇಳ್ತೀನಿ. ಅಷ್ಟೇನೂ ಚೆನ್ನಾಗಿಲ್ಲ ಅದು." ಆಮೇಲೆ ಕೇಳಿದಳು. "ಬೀಗದ ಕೈ ಹತ್ರ ಯಾಕೆ ಅಷ್ಟು ಹೊತ್ತು ನಿಂತ್ರಿ?"

ಸ್ಲೇಟಿನಲ್ಲಿ ಬರೆದು ತೋರಿಸಿದೆ. ಹೆಂಡತಿ ಓದಿ ಹೇಳಲಿಲ್ಲ. "ಕೆಮ್ಮು ಬಂದಿತ್ತಂತೆ," ಎಂದಳು.

ಎರಡನೆಯ ಪುಟಕ್ಕೆ ನಿದ್ದೆ ಎಂಬುದು ಈ ಪುಸ್ತಕದ ಬಗ್ಗೆ ಇದುವರೆಗೆ ಬಂದಿರುವ ಅತ್ಯಂತ ಪ್ರಾಮಾಣಿಕ ವಿಮರ್ಶೆ.

ಜುಲೈ 24, ಗುರುವಾರ

ಒಂದು ವಾಕ್ಯ ಹೇಳಿ ಎಂದರು ವೈದ್ಯರು. ನನಗೆ ನನ್ನ ಹೆಸರೇ ಬಂತು. ಹೆಸರು ಹೇಳಿದವನು ಯಾರೋ ಬೇರೆ. ಬಾಗಿಲ ಕೆಳಗೆ ಗಾಳಿ ಬಂದಂಥ ಸದ್ದು, ನಡುವೆ ಒಂದು ಕೊರೆತ. "ತುಂಬಾ ಚೆನ್ನಾಗಿದೆ," ಎಂದರು ವೈದ್ಯರು. ಅವರೂ ಹಾಗೆ ಹೇಳಬೇಕೆಂದು ಅಪ್ಪಣೆ ಇರುತ್ತದೇನೋ.

ಹೆಂಡತಿ ನಕ್ಕು ಮಾತಾಡಿಸಿದಳು. ನಾನು ಸ್ಲೇಟಿನಲ್ಲೇ ಉತ್ತರ ಕೊಟ್ಟೆ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು ಇನ್ನೊಮ್ಮೆ ಹೆಸರು ಹೇಳಿನೋಡಿದೆ. ಅದೇ ಮನುಷ್ಯ. ಬೇಸರವಾಯಿತು. ಬಹಳ ಬೇಸರವಾಯಿತು.

ಜುಲೈ 25, ಶುಕ್ರವಾರ

ಸ್ಲೇಟು.

ಜುಲೈ 28, ಸೋಮವಾರ

ಸ್ಲೇಟು. ಹೀಗೇ ಇದ್ದರೆ ತಂತು ಗಟ್ಟಿಯಾಗಿ ಇರುವ ದನಿಯೂ ಹೋಗುತ್ತದೆ ಎಂದು ವೈದ್ಯರು ಹೆದರಿಸಿದ್ದಾರೆ. ಅಂಗಡಿಯವನ ಹತ್ತಿರ ಬೆರಳು ತೋರಿಸಿ ಸಾಮಾನು ತಂದೆ. ಹೆಂಡತಿ ಎಲ್ಲ ನೋಡುತ್ತಿದ್ದಾಳೆ.

ಜುಲೈ 31, ಗುರುವಾರ

ಅಭಿಪ್ರಾಯದ ಚೀಟಿ ಕೊಟ್ಟುಬಂದೆ. ಸಾಧಾರಣ. ನಿಧಾನ. ತಾಳ್ಮೆ ಇರುವವರಿಗೆ. ಕೆಳಗೆ ಒಂದು ಸಾಲು ಸೇರಿಸಿದೆ: ಒಂಬತ್ತನೆಯ ಅಧ್ಯಾಯ ಬಿಡಬೇಡಿ.

ಮಧ್ಯಾಹ್ನ ಮನೆಯ ಫೋನು ಬಡಿದುಕೊಂಡಿತು. ಹೆಂಡತಿ ಪಕ್ಕದ ಕೋಣೆಯಲ್ಲಿ ಯಂತ್ರ ತುಳಿಯುತ್ತಿದ್ದಳು. ಕೂಗಿದೆ, ಅಂದರೆ ಕೂಗುವವನಂತೆ ಬಾಯಿ ತೆರೆದೆ. ಅವಳು ಏಳಲಿಲ್ಲ. ಯಂತ್ರ ಒಂದೇ ಸಮನೆ ಓಡುತ್ತಿತ್ತು. ಹನ್ನೊಂದನೆಯ ಸಲ ಬಡಿದಾಗ ನಾನೇ ಎತ್ತಿಕೊಂಡೆ.

"ಹಲೋ," ಎಂದೆ.

"ಯಾರು?"

ಗಣಿತದ ಮೇಡಂ. ಆ ಗಟ್ಟಿ ದನಿಯನ್ನು ಮರೆಯುವಂತಿಲ್ಲ. ಕೇಂದ್ರದಿಂದ ನಂಬರು ತಗೊಂಡಿರಬೇಕು.

"ಪುಸ್ತಕ ಓದಿದವನು."

"ಅಲ್ಲ," ಎಂದರು. "ಅವರ ದನಿ ನನಗೆ ಗೊತ್ತು. ಇಪ್ಪತ್ತೆರಡು ಅಧ್ಯಾಯ ಕೇಳಿದ್ದೀನಿ. ಅವರನ್ನ ಕರೀರಿ."

"ನಾನೇ ಮೇಡಂ. ಗಂಟಲಿಗೆ ಆಪರೇಷನ್ ಆಯ್ತು."

ಕಣ್ಣಿಲ್ಲದವರ ಹತ್ತಿರ ದನಿಯಿಲ್ಲದವನು ತಾನು ಯಾರೆಂದು ಹೇಗೆ ತೋರಿಸಬೇಕು? ಇಟ್ಟುಬಿಡೋಣ ಅನ್ನಿಸಿತು. ಇಡಲಿಲ್ಲ.

"ಅದ್ರಿಂದ ಒಂದು ಸಾಲು ಹೇಳಿ ನೋಡೋಣ," ಎಂದರು.

ಪುಸ್ತಕ ಕೇಂದ್ರಕ್ಕೆ ವಾಪಸ್ಸಾಗಿತ್ತು. ನಾನು ಯಾವ ಸಾಲನ್ನೂ ಬಾಯಿಪಾಠ ಮಾಡಿರಲಿಲ್ಲ. ಆದರೂ ಬಾಯಿ ತೆರೆದಾಗ ಬೀರು ಒರೆಸುವ ಅಧ್ಯಾಯದ ಕೊನೆಯ ಸಾಲು ಇತ್ತು.

"ಕೊನೆಗೆ ಎಲ್ಲವೂ ಮೊದಲಿದ್ದ ಜಾಗದಲ್ಲೇ ಇದ್ದವು, ಆದರೆ ಒಂದೊಂದನ್ನೂ ಅವಳು ಒಮ್ಮೆ ಕೈಯಲ್ಲಿ ಹಿಡಿದಿದ್ದಳು."

ಗಾಳಿ, ಕೊರೆತ, ನಡುವೆ ಎರಡು ಕಡೆ ಮಾತೇ ಇಲ್ಲ. ಇಷ್ಟು ಕೆಟ್ಟದಾಗಿ ನಾನು ಯಾವತ್ತೂ ಓದಿಲ್ಲ.

"ಹೂಂ, ನೀವೇ," ಎಂದರು ಮೇಡಂ.

"ಹೇಗೆ ಗೊತ್ತಾಯ್ತು?"

"ವಾಕ್ಯದ ಕೊನೆ ಇಳಿಸ್ತೀರಲ್ಲ. ಗಾಡಿ ಬಂದು ನಿಂತ ಹಾಗೆ. ಬೇರೆ ಯಾರೂ ಹಾಗೆ ಓದಲ್ಲ."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ. ಆಮೇಲೆ ಪುಸ್ತಕ ಮುಗಿಯಿತೆಂದು ಹೇಳಲು ಫೋನು ಮಾಡಿದೆ ಎಂದರು. ಹೇಗಿತ್ತು ಎಂದೆ.

"ಸುಮಾರು," ಎಂದರು. "ನನ್ನ ಗೆಳತಿಗೆ ಇಂಥದ್ದೇ ಇಷ್ಟ. ನಿಮಗೆ?"

"ನನಗೂ ಸುಮಾರು."

"ಮುಂದಿನದು ಯಾವುದು ಓದ್ತೀರಿ?"

ಇನ್ನೂ ಗೊತ್ತಿಲ್ಲ ಎಂದೆ. ಓದುವುದಿಲ್ಲ ಎನ್ನಬೇಕಿತ್ತು. ಮೇಡಂ ಕೇಳಿದ್ದನ್ನು ಬರೆದುಕೊಳ್ಳಲು ಸ್ಲೇಟು ಹುಡುಕಿದೆ, ಕೈಗೆ ಸಿಗಲಿಲ್ಲ. ಅವರಿಗೆ ಕೊಲೆಯ ಕಥೆ ಬೇಕಂತೆ. ಆಮೇಲೂ ಏನೇನೋ ಮಾತಾಡಿದೆವು. ಒಟ್ಟು ಹದಿನೈದು ನಿಮಿಷ ಆಗಿರಬೇಕು.

ಫೋನು ಇಟ್ಟಾಗ ಮನೆ ನಿಶ್ಶಬ್ದವಾಗಿತ್ತು. ಪಕ್ಕದ ಕೋಣೆಯ ಯಂತ್ರ ನಿಂತಿತ್ತು. ಯಾವಾಗ ನಿಂತಿತೋ ಗೊತ್ತಿಲ್ಲ. ಬೆಲ್ಟು ಸರಿಯಾಗಿಯೇ ಇದೆ.